ಆಟ ಮೆತ್ತಗಾಯ್ತಂತೆ!

“ಇನ್ನು ಇವರ ಕೈಗೆ ಬಳೆ ತೊಡಿಸೋದೊಂದೇ ಬಾಕಿ ನೋಡು” ಅಂದ ನನ್ನ ಗೆಳೆಯ. ದಾವಣಗೆರೆ ಕಡೆಯವನು. ಅದೇ ಹೊತ್ತಿಗೆ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಬಿಳಿ ಗಡ್ಡದ ಅಮೆರಿಕನ್ ಅಜ್ಜ ಟಿವಿ ಕಡೆ ಕೈ ಬೀಸಿ, ಇವರಿಗೆಲ್ಲ ಲಂಗ ಹಾಕಿಸಿ ಆಡಿಸಿ ಅಂತ ಇಂಗ್ಲಿಷಿನಲ್ಲಿ ಕೂಗಿದ. ಭಾಷೆ ಬೇರೆ, ಖಂಡ ಬೇರೆ, ಬೈಗುಳ ಮಾತ್ರ ಒಂದೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾನೂ ನಕ್ಕೆ.

ಅದು 2022ರ ಅಕ್ಟೋಬರ್ 9, ಭಾನುವಾರ. ಪಿಟ್ಸ್‌ಬರ್ಗ್‌ನ ಒಂದು ಬಾರು. ಕಂಪನಿ ಕೆಲಸದ ಮೇಲೆ ಎರಡು ವರ್ಷ ಆ ಊರಲ್ಲಿದ್ದೆ. ಅಲ್ಲಿದ್ದ ಮೇಲೆ ಸ್ಟೀಲರ್ಸ್ ತಂಡಕ್ಕೆ ಜೈ ಅನ್ನದೆ ವಿಧಿಯಿಲ್ಲ, ನಾನೂ ಅಂದೆ. ಅವತ್ತು ಒಂದು ಟಿವಿಯಲ್ಲಿ ನಮ್ಮವರು ಬಫಲೋದಲ್ಲಿ ಮಣ್ಣು ಮುಕ್ಕುತ್ತಿದ್ದರು, ಕೊನೆಗೆ 38–3. ಆ ಸಂಕಟ ನೋಡಲಾರದೆ ಜನ ಪಕ್ಕದ ಟಿವಿಗೆ ಕಣ್ಣು ತಿರುಗಿಸಿದ್ದರು. ಅಲ್ಲಿ ಅಟ್ಲಾಂಟಾದ ಗ್ರೇಡಿ ಜ್ಯಾರೆಟ್ ಎಂಬಾತ ಟ್ಯಾಂಪಾದ ಟಾಮ್ ಬ್ರೇಡಿಯನ್ನು ಹಿಡಿದು, ತಿರುಗಿಸಿ, ನೆಲಕ್ಕೆ ಕೆಡವಿದ. ರೆಫರಿ ಹಳದಿ ಬಟ್ಟೆ ಎಸೆದ. ಒರಟಾಯ್ತು ಅಂತ ದಂಡ. ನನ್ನ ಕಣ್ಣಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮರುದಿನ ರಾತ್ರಿ ಕಾನ್ಸಾಸ್ ಸಿಟಿಯ ಕ್ರಿಸ್ ಜೋನ್ಸ್ ಚೆಂಡನ್ನೇ ಕಿತ್ತುಕೊಂಡು ಬಿದ್ದರೂ ದಂಡ ಬಿತ್ತು. ಆ ವಾರವಿಡೀ ಆಫೀಸಿನಲ್ಲಿ, ಬಾರಿನಲ್ಲಿ, ಟಿವಿ ಚರ್ಚೆಗಳಲ್ಲಿ ಒಂದೇ ಮಾತು: ಆಟ ಮೆತ್ತಗಾಯ್ತು.

ಆ ಅಜ್ಜನ ಕಪ್ಪು-ಹಳದಿ ಜರ್ಸಿಯ ಬೆನ್ನ ಮೇಲೆ 52 ಅಂತ ಇತ್ತು. ಇದು ಯಾರ ನಂಬರು ಅಂತ ಕೇಳಿದೆ. “ಐರನ್ ಮೈಕ್” ಅಂದ, ಮನೆದೇವರ ಹೆಸರು ಹೇಳಿದ ಹಾಗೆ. ಮನೆಗೆ ಬಂದು ಆ ಹೆಸರಿನ ಜಾಡು ಹಿಡಿದು ಓದುತ್ತ ಹೋದೆ. ಆವತ್ತು ನಕ್ಕಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತೆ. ಅದಕ್ಕೇ ಈ ಬರಹ.

ಈ ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಇದು ನಾವು ಶಾಲೆ ಮೈದಾನದಲ್ಲಿ ಒದ್ದ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು, ಕಾಲಿಗಿಂತ ಕೈಯಲ್ಲೇ ಹೆಚ್ಚು ಇರುತ್ತೆ. ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ನಮ್ಮ ಸಿನಿಮಾ ಹೀರೋ ಇದ್ದ ಹಾಗೆ: ಕ್ಯಾಮೆರಾ ಅವನ ಮೇಲೆ, ಜಾಹೀರಾತೂ ಅವನಿಗೇ. ಅವನ ಮುಂದೆ ಐದು ಜನ ಬಗ್ಗಿ ಗೋಡೆ ಕಟ್ಟಿಕೊಂಡು ನಿಲ್ಲುತ್ತಾರೆ. ಇವರು ಲೈನ್‌ಮನ್‌ಗಳು. ನಟ್ಟನಡುವಿನವನು ಸೆಂಟರ್. ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ದಾಟಿಸಿ, ಕಣ್ಣು ಮಿಟುಕಿಸುವುದರೊಳಗೆ ಎದುರಿನ ನೂರೈವತ್ತು ಕಿಲೋ ಆಸಾಮಿಗೆ ತಲೆ ಕೊಟ್ಟು ತಡೆಯಬೇಕು. ಒಂದು ಪಂದ್ಯದಲ್ಲಿ ಅರವತ್ತು ಎಪ್ಪತ್ತು ಸಲ. ಅಷ್ಟರಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗಿಬಿಟ್ಟಿರುತ್ತೆ.

ಐರನ್ ಮೈಕ್ ಅಂದರೆ ಮೈಕ್ ವೆಬ್‌ಸ್ಟರ್. ಸ್ಟೀಲರ್ಸ್‌ನ ಸೆಂಟರ್. 1974ರಿಂದ ಹದಿನೇಳು ವರ್ಷ ಎನ್‌ಎಫ್‌ಎಲ್‌ನಲ್ಲಿ ಆಡಿದ, ಅದರಲ್ಲಿ ಹದಿನೈದು ಪಿಟ್ಸ್‌ಬರ್ಗ್‌ನಲ್ಲೇ. ನಾಲ್ಕು ಸೂಪರ್ ಬೌಲ್ ಗೆದ್ದ. 1997ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಆ ಹೊತ್ತಿಗಾಗಲೇ ಆತ ಆತನಾಗಿ ಉಳಿದಿರಲಿಲ್ಲ. ಹೆಂಡತಿ ಮಕ್ಕಳು ದೂರವಾದರು, ದುಡ್ಡು ಕರಗಿತು. ಎಷ್ಟೋ ರಾತ್ರಿ ತನ್ನ ಪಿಕಪ್ ಟ್ರಕ್ಕಿನಲ್ಲೇ ಮಲಗುತ್ತಿದ್ದ. ಬಿದ್ದ ಹಲ್ಲುಗಳನ್ನು ಗ್ಲೂ ಹಾಕಿ ಅಂಟಿಸಿಕೊಳ್ಳುತ್ತಿದ್ದ. ನೋವಿಗೆ ನಿದ್ದೆ ಬಾರದೆ, ಪೊಲೀಸರು ಬಳಸುವಂಥ ಶಾಕ್ ಗನ್ನಿನಿಂದ ಮೈಗೆ ಶಾಕ್ ಕೊಡಿಸಿಕೊಂಡು ಪ್ರಜ್ಞೆ ತಪ್ಪಿ ಮಲಗುತ್ತಿದ್ದ. 2002ರ ಸೆಪ್ಟೆಂಬರಿನಲ್ಲಿ ಸತ್ತ. ವಯಸ್ಸು ಐವತ್ತು.

ಶವಪರೀಕ್ಷೆ ಮಾಡಿದ್ದು ಅದೇ ಊರಿನ ಸರ್ಕಾರಿ ಕಚೇರಿಯ ಬೆನೆಟ್ ಒಮಾಲು ಎಂಬ ನೈಜೀರಿಯಾ ಮೂಲದ ಡಾಕ್ಟರು. ಅವರಿಗೆ ಫುಟ್‌ಬಾಲ್ ಗೊತ್ತಿಲ್ಲ, ವೆಬ್‌ಸ್ಟರ್ ಯಾರೆಂದೂ ಗೊತ್ತಿಲ್ಲ. ಅದೇ ಒಳ್ಳೇದಾಯ್ತು. ಹೊರಗಿನಿಂದ ನೋಡಿದರೆ ಮಿದುಳು ಸರಿಯಾಗೇ ಇತ್ತಂತೆ. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ತೆಳ್ಳಗೆ ಕತ್ತರಿಸಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಐವತ್ತರ ಮನುಷ್ಯನಲ್ಲಿ ಇರಬಾರದ ಪ್ರೋಟೀನಿನ ಸಿಕ್ಕುಗಳು ಕಂಡವು. ಬಾಕ್ಸರುಗಳಲ್ಲಿ ಇಂಥದೊಂದು ಕಾಯಿಲೆ ಇದೆ ಅಂತ 1928ರಿಂದಲೇ ವೈದ್ಯಲೋಕಕ್ಕೆ ಗೊತ್ತಿತ್ತು. ಫುಟ್‌ಬಾಲ್ ಆಟಗಾರನಲ್ಲಿ ಕಂಡಿದ್ದು ಹೊಸದು. ಸಿಟಿಇ ಅನ್ನುತ್ತಾರೆ. 2005ರಲ್ಲಿ ಒಮಾಲು ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎನ್‌ಎಫ್‌ಎಲ್‌ನ ಮಿದುಳು ಸಮಿತಿಯ ಡಾಕ್ಟರುಗಳು ಕೂಡಲೇ ಬರೆದರು: ಈ ಲೇಖನ ವಾಪಸ್ ತಗೊಳ್ಳಿ. ಅಂದ ಹಾಗೆ, ಆ ಮಿದುಳು ಸಮಿತಿಯನ್ನು 1994ರಿಂದ ಹನ್ನೆರಡು ಹದಿಮೂರು ವರ್ಷ ನಡೆಸಿದವರು ಒಬ್ಬ ಕೀಲುನೋವಿನ ಡಾಕ್ಟರು! ನಮ್ಮೂರಲ್ಲಿ ದನದ ಡಾಕ್ಟರ ಹತ್ತಿರ ಜ್ವರಕ್ಕೆ ಇಂಜೆಕ್ಷನ್ ಹಾಕಿಸಿಕೊಂಡವರನ್ನು ಕಂಡಿದ್ದೇನೆ. ಅವರಿಗೆ ಬೇರೆ ಡಾಕ್ಟರು ಸಿಕ್ಕಿರಲಿಲ್ಲ, ಅಷ್ಟೇ. ಎನ್‌ಎಫ್‌ಎಲ್‌ಗೆ ಆ ಬಡತನ ಇರಲಿಲ್ಲ.

ಈಗ ಆ ಬಾರಿನ ಅಜ್ಜನನ್ನು ಇನ್ನೊಮ್ಮೆ ನೋಡಿ. ಬೆನ್ನ ಮೇಲೆ ವೆಬ್‌ಸ್ಟರನ ನಂಬರು. ಬಾಯಲ್ಲಿ ಆಟ ಮೆತ್ತಗಾಯ್ತೆಂಬ ದೂರು. ಅಜ್ಜ ಕೆಟ್ಟವನಲ್ಲ, ನನಗೆ ಎರಡು ಬಿಯರ್ ಕೊಡಿಸಿದ. ಅವನ ಮನಸ್ಸಿನಲ್ಲಿ ವೆಬ್‌ಸ್ಟರ್ ಅಂದರೆ 1979. ಟ್ರಕ್ಕಿನಲ್ಲಿ ಮಲಗಿದ ವೆಬ್‌ಸ್ಟರ್ ಟಿವಿಯಲ್ಲಿ ಬರಲಿಲ್ಲವಲ್ಲ.

ನನ್ನ ತಕರಾರು ಇಷ್ಟೇ. ನಿಯಮ ಬದಲಾದಾಗಲೆಲ್ಲ ಅಭಿಮಾನಿಗಳು ಜಗಳ ಆಡೋದು ಕಣ್ಣಿಗೆ ಕಾಣುವ ಏಟಿನ ಬಗ್ಗೆ, ತಮ್ಮ ಮನರಂಜನೆಗೆ ಬಿದ್ದ ಕತ್ತರಿಯ ಬಗ್ಗೆ. ಆಟಗಾರನನ್ನು ತಿನ್ನುತ್ತಿರೋದು ಮಾತ್ರ ಕಣ್ಣಿಗೆ ಕಾಣದ ಏಟು. ಆ ಜಗಳದಲ್ಲಿ ‘ಸಂಪ್ರದಾಯ’, ‘ಗಂಡಸುತನ’, ‘ಆಟದ ಮೂಲ ಸ್ವರೂಪ’ ಅಂತೆಲ್ಲ ದೊಡ್ಡ ದೊಡ್ಡ ಪದ ಎಸೆಯುತ್ತಾರೆ. ಒಂದೊಂದನ್ನೇ ನೋಡೋಣ.

ಮೂಲ ಸ್ವರೂಪವಂತೆ. ಯಾವ ಮೂಲ ಸ್ವಾಮಿ? 1892ರಲ್ಲಿ ಹಾರ್ವರ್ಡ್‌ನವರು ‘ಫ್ಲೈಯಿಂಗ್ ವೆಜ್’ ಅಂತ ಒಂದು ವ್ಯೂಹ ತಂದರು. ಆಟಗಾರರೆಲ್ಲ ಬಾಣದ ಮೊನೆಯ ಹಾಗೆ ಕೂಡಿಕೊಂಡು ಓಡಿಬಂದು ಎದುರಾಳಿಯ ಮೇಲೆ ನುಗ್ಗೋದು. ಜನ ಹುಚ್ಚೆದ್ದು ನೋಡಿದರು. ಎರಡೇ ವರ್ಷಕ್ಕೆ ಅದನ್ನು ನಿಷೇಧಿಸಬೇಕಾಯ್ತು. ಆದರೂ ಗುಂಪಾಗಿ ನುಗ್ಗುವ ಚಾಳಿ ನಿಲ್ಲಲಿಲ್ಲ. 1905ರ ಒಂದೇ ಋತುವಿನಲ್ಲಿ ಹದಿನೆಂಟಕ್ಕೆ ಕಡಿಮೆಯಿಲ್ಲದಷ್ಟು ಹುಡುಗರು ಮೈದಾನದ ಏಟಿಗೆ ಸತ್ತರು. ಹೆಚ್ಚಿನವರು ಶಾಲಾ ಕಾಲೇಜು ಹುಡುಗರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ, ಇದನ್ನು ಸರಿಮಾಡಿ ಅಂದ. ಆಟವನ್ನೇ ನಿಲ್ಲಿಸಿ ಅನ್ನುವ ಕೂಗೂ ಎದ್ದಿತ್ತು. 1906ರಲ್ಲಿ ಹೊಸ ನಿಯಮಗಳು ಬಂದವು. ಅದರಲ್ಲೊಂದು: ಇನ್ನು ಮೇಲೆ ಚೆಂಡನ್ನು ಮುಂದಕ್ಕೆ ಎಸೆಯಬಹುದು.

ಗಮನಿಸಿ, ಫಾರ್ವರ್ಡ್ ಪಾಸ್! ಟಾಮ್ ಬ್ರೇಡಿ ದೇವರಾಗಿದ್ದು ಯಾವುದರಿಂದಲೋ ಅದು. ಇವತ್ತು ಮೈ ಜುಂ ಅನ್ನಿಸುವ ಐವತ್ತು ಗಜದ ಎಸೆತ, ಗಾಳಿಯಲ್ಲಿ ತೇಲಿಹೋಗಿ ಬೆರಳ ತುದಿಯಲ್ಲಿ ಹಿಡಿಯುವ ಕ್ಯಾಚು, ಎಲ್ಲಾ ಹುಟ್ಟಿದ್ದು ಸುರಕ್ಷತೆಯ ಸುಧಾರಣೆಯಲ್ಲಿ. ಹುಡುಗರು ಒಂದೇ ಕಡೆ ರಾಶಿ ಬಿದ್ದು ಸಾಯದಿರಲಿ, ಮೈದಾನದ ತುಂಬ ಹರಡಿಕೊಳ್ಳಲಿ ಅಂತ ತಂದದ್ದು. ಆಗಲೂ ಮೂಗು ಮುರಿದವರಿದ್ದರು, ಇದು ಹೇಡಿಗಳ ಆಟವಾಯ್ತು ಅಂದವರಿದ್ದರು. ಅವರ ಮಾತು ಕೇಳಿದ್ದರೆ ಇವತ್ತು ಬೈಯೋದಕ್ಕೂ ಆಟ ಇರುತ್ತಿರಲಿಲ್ಲ.

ಇತ್ತೀಚಿನ ಕಿಕ್‌ಆಫ್ ಕತೆಯೂ ಅದೇ. ಮೊದಲು ಚೆಂಡು ಒದ್ದ ಕೂಡಲೇ ಎರಡೂ ಕಡೆಯವರು ಐವತ್ತು ಅರವತ್ತು ಗಜ ಪೂರ್ತಿ ವೇಗದಲ್ಲಿ ಓಡಿಬಂದು ಢಿಕ್ಕಿ ಹೊಡೆಯುತ್ತಿದ್ದರು. ಎದುರುಬದುರು ಬರುವ ಎರಡು ಲಾರಿ ನೆನಪಿಸಿಕೊಳ್ಳಿ. 2011ರಿಂದ ಒಂದೊಂದೇ ತಿದ್ದುಪಡಿ ತಂದು, ಹಿಡಿದವನು ಓಡದಿದ್ದರೇ ಲಾಭ ಅನ್ನೋ ಹಾಗೆ ಮಾಡಿದರು. ಕೊನೆಗೆ 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಒಂದೇ ಒಂದು ಕಿಕ್‌ಆಫ್ ಕೂಡ ಹಿಂದಿರುಗಿ ಓಡಿಬರಲಿಲ್ಲ. ಆಮೇಲೆ ಅದೇ ವರ್ಷ ಹೊಸ ರೂಪ ತಂದರು: ಎರಡು ಸಾಲೂ ಐದೇ ಗಜ ಅಂತರದಲ್ಲಿ ನಿಲ್ಲಬೇಕು, ಚೆಂಡು ಬೀಳುವವರೆಗೆ ಅಲುಗಾಡಬಾರದು. ನೋಡೋಕೆ ವಿಚಿತ್ರವಾಗಿದೆ, ಒಪ್ಪುತ್ತೇನೆ. ಪಿಟಿ ಮೇಷ್ಟ್ರು ಸಾಲು ನಿಲ್ಲಿಸಿದ ಹಾಗೆ. ಇದೇನು ಸರ್ಕಸ್ಸು ಅಂತ ಬೈದರು. ಆದರೆ ಓಡೋದು ಮತ್ತೆ ಶುರುವಾಯ್ತು, ಹಿಂದಿನ ವರ್ಷಕ್ಕಿಂತ ಹೆಚ್ಚಾಯ್ತು. ಸುರಕ್ಷತೆಗೆ ಅಂತ ತಂದ ನಿಯಮ ಆಟವನ್ನು ಉಳಿಸಿದ್ದು ಇದು ಮೊದಲ ಸಲವೂ ಅಲ್ಲ.

ಎರಡನೇ ಮಾತು: ಕೋಟಿ ಕೋಟಿ ತಗೋತಾರೆ, ಗೊತ್ತಿದ್ದೂ ಆಡ್ತಾರೆ, ನಮಗೇನು?

ಗೊತ್ತಿತ್ತಾ? ವೆಬ್‌ಸ್ಟರನಿಗೆ ಏನು ಗೊತ್ತಿತ್ತು? ಮಿದುಳಿಗೆ ದೀರ್ಘಕಾಲದ ಹಾನಿ ಇಲ್ಲ ಅಂತ ಲೀಗಿನ ಸಮಿತಿಯೇ ಲೇಖನದ ಮೇಲೆ ಲೇಖನ ಬರೆದಿತ್ತು. ಲೀಗಿನ ಒಬ್ಬ ಹಿರಿಯ ಅಧಿಕಾರಿ ಫುಟ್‌ಬಾಲಿಗೂ ಸಿಟಿಇಗೂ ಸಂಬಂಧ ಇದೆ ಅಂತ ಅಮೆರಿಕದ ಸಂಸದರ ಎದುರು ಬಾಯಿಬಿಟ್ಟು ಒಪ್ಪಿಕೊಂಡದ್ದು 2016ರಲ್ಲಿ. ಅಷ್ಟರೊಳಗೆ ಡೇವ್ ಡ್ಯೂರ್ಸನ್ ಹೋಗಿದ್ದ. ಶಿಕಾಗೋ ತಂಡದ ಹಳೆಯ ಆಟಗಾರ. 2011ರಲ್ಲಿ ಎದೆಗೆ ಗುಂಡು ಹೊಡೆದುಕೊಂಡ. ತಲೆಗೆ ಹೊಡೆದುಕೊಳ್ಳಲಿಲ್ಲ. ನನ್ನ ಮಿದುಳನ್ನು ಪರೀಕ್ಷೆಗೆ ಕೊಡಿ ಅಂತ ಹೇಳಿ ಹೋಗಿದ್ದ. ಮರುವರ್ಷ ಜೂನಿಯರ್ ಸೇಯಾವ್ ಅದೇ ರೀತಿ ಹೋದ. ಇಬ್ಬರಲ್ಲೂ ಸಿಟಿಇ ಇತ್ತು.

2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಎನ್‌ಎಫ್‌ಎಲ್ ಆಡಿ ಸತ್ತ 111 ಜನರ ಮಿದುಳು ನೋಡಿದರು. 110ರಲ್ಲಿ ಸಿಟಿಇ. ಇಲ್ಲಿ ನನ್ನ ದಾವಣಗೆರೆ ಗೆಳೆಯ ಒಂದು ಸರಿಯಾದ ಮಾತು ಎತ್ತಿದ, ಅವನೂ ಡೇಟಾ ಕೆಲಸದವನೇ: “ಅನುಮಾನ ಇದ್ದವರ ಮನೆಯವರೇ ತಾನೇ ಮಿದುಳು ಕೊಟ್ಟಿರೋದು? ಸ್ಯಾಂಪಲ್ಲೇ ವಾಲಿದೆ.” ನಿಜ, ವಾಲಿದೆ. ಸಂಶೋಧಕರೂ ಅದನ್ನೇ ಹೇಳಿದ್ದಾರೆ. ಎಲ್ಲ ಆಟಗಾರರಲ್ಲೂ ನೂರಕ್ಕೆ ತೊಂಬತ್ತೊಂಬತ್ತು ಅಂತ ಯಾರೂ ಹೇಳುತ್ತಿಲ್ಲ. ಆದರೆ ನಮ್ಮ ಸರ್ವರಿನಲ್ಲಿ ಕೆಟ್ಟ 111 ಡಿಸ್ಕ್ ಬಿಚ್ಚಿ ನೋಡಿ, 110ರಲ್ಲಿ ಒಂದೇ ತರದ ಬಿರುಕು ಸಿಕ್ಕರೆ, ಸ್ಯಾಂಪಲ್ ವಾಲಿದೆ ಅಂತ ಕೈ ತೊಳೆದುಕೊಂಡು ಮನೆಗೆ ಹೋಗ್ತೀವಾ?

ಇನ್ನು ದುಡ್ಡು. ಕೋಟಿ ಬರುವುದು ಕ್ವಾರ್ಟರ್‌ಬ್ಯಾಕಿಗೆ, ಇನ್ನು ಕೆಲವೇ ಜನಕ್ಕೆ. ಆಟಗಾರರ ಸಂಘದ ಲೆಕ್ಕದಲ್ಲೇ ಒಬ್ಬನ ಸರಾಸರಿ ಆಯಸ್ಸು ಮೂರು ಚಿಲ್ಲರೆ ವರ್ಷ. ಕಾಂಟ್ರಾಕ್ಟಿನ ಮೊತ್ತ ಪೇಪರಿನಲ್ಲಿ ಬರುತ್ತೆ, ಅದರಲ್ಲಿ ಎಷ್ಟಕ್ಕೆ ಗ್ಯಾರಂಟಿ ಅನ್ನೋದು ಸಣ್ಣ ಅಕ್ಷರದಲ್ಲಿರುತ್ತೆ. ಸಾವಿರಾರು ಹಳೆಯ ಆಟಗಾರರು ಕೇಸು ಹಾಕಿದ ಮೇಲೆ ಲೀಗ್ 2013ರಲ್ಲಿ 76.5 ಕೋಟಿ ಡಾಲರಿಗೆ ರಾಜಿಗೆ ಬಂತು. ಇದು ಸಾಲುತ್ತಾ ಅಂತ ನ್ಯಾಯಾಧೀಶೆಯೇ ಅನುಮಾನಪಟ್ಟರು, ಕೊನೆಗೆ ಮಿತಿ ತೆಗೆಯಬೇಕಾಯ್ತು. ತಪ್ಪು ಒಪ್ಪಿಕೊಂಡರಾ? ಇಲ್ಲ.

ಆ ಪರಿಹಾರ ಹಂಚಿದ ರೀತಿಯೋ, ಕೇಳಿ. ಆಟಗಾರನ ನೆನಪು, ಬುದ್ಧಿ ಎಷ್ಟು ಕುಸಿದಿದೆ ಅಂತ ಅಳೆಯಬೇಕಲ್ಲ. ಅಳೆಯುವಾಗ ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿಂದಲೇ ಕಡಿಮೆ ಇತ್ತು ಅಂತ ಹಿಡಿಯುವ ಸೂತ್ರ ಬಳಸಿದರು. ಅಂದರೆ ಅಷ್ಟೇ ಅಂಕ ತೆಗೆದ ಬಿಳಿಯನಿಗೆ ಪರಿಹಾರ ಸಿಕ್ಕೀತು, ಕಪ್ಪು ಮನುಷ್ಯನಿಗೆ ‘ನೀನು ಇದ್ದದ್ದೇ ಹೀಗೆ’. ಆಟಗಾರರಲ್ಲಿ ಹೆಚ್ಚಿನವರು ಕಪ್ಪು ಜನ ಇರುವ ಲೀಗಿನಲ್ಲಿ ಇದು. 2020ರಲ್ಲಿ ಇಬ್ಬರು ಕೋರ್ಟಿಗೆ ಹೋದರು, ಇಬ್ಬರೂ ಹಿಂದೆ ಸ್ಟೀಲರ್ಸ್‌ಗೆ ಆಡಿದವರೇ. ಮರುವರ್ಷ ಲೀಗ್ ಆ ಸೂತ್ರ ಕೈಬಿಡೋದಾಗಿ ಒಪ್ಪಿತು. ರೆಫರಿ ಎಸೆದ ಒಂದು ಹಳದಿ ಬಟ್ಟೆಗೆ ವಾರವಿಡೀ ಬೊಬ್ಬೆ ಹೊಡೆದ ಬಾರಿನಲ್ಲಿ, ಈ ಸುದ್ದಿ ನಾನಿದ್ದ ಎರಡು ವರ್ಷದಲ್ಲಿ ಒಮ್ಮೆಯೂ ಕಿವಿಗೆ ಬೀಳಲಿಲ್ಲ.

ಮೂರನೆಯದು ಗಟ್ಟಿ ವಾದ, ಅದನ್ನು ಹಗುರ ಮಾಡೋದಿಲ್ಲ. ಆಟಗಾರರೇ ಈ ನಿಯಮಗಳನ್ನು ವಿರೋಧಿಸುತ್ತಾರಲ್ಲ? ಹೌದು. 2010ರಲ್ಲಿ ಸ್ಟೀಲರ್ಸ್‌ನ ಜೇಮ್ಸ್ ಹ್ಯಾರಿಸನ್‌ಗೆ ಒಂದು ಏಟಿಗೆ 75,000 ಡಾಲರ್ ದಂಡ ಬಿದ್ದಾಗ, ನಿವೃತ್ತನಾಗ್ತೀನಿ ಅಂದಿದ್ದ. 2024ರಲ್ಲಿ ‘ಹಿಪ್-ಡ್ರಾಪ್’ ಅನ್ನೋ ಪಟ್ಟನ್ನು ನಿಷೇಧಿಸಿದರು. ಹಿಂದಿನಿಂದ ಸೊಂಟ ಹಿಡಿದು ತನ್ನ ಮೈಭಾರವನ್ನೆಲ್ಲ ಓಡುವವನ ಕಾಲಿನ ಮೇಲೆ ಬಿಡೋದು ಅದು. ಆಟಗಾರರ ಸಂಘವೇ ಬೇಡ ಅಂದಿತ್ತು. ತಲೆಗೆ ಹೊಡೆಯಬಾರದು ಅಂದಾಗ, ಹಾಗಾದರೆ ಮೊಣಕಾಲಿಗೆ ಹೊಡೀತಾರೆ, ಅದಕ್ಕಿಂತ ತಲೆಗೇ ಹೊಡೀಲಿ ಅಂದ ಆಟಗಾರರೂ ಇದ್ದಾರೆ.

ಆ ಕೊನೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ಒಬ್ಬ ಮನುಷ್ಯ ಮೊಣಕಾಲಿಗಿಂತ ತಲೆಯನ್ನು ಮುಂದೆ ಮಾಡುತ್ತಾನೆ ಅಂದರೆ ಅದು ಧೈರ್ಯವಲ್ಲ, ಲೆಕ್ಕಾಚಾರ. ಮೊಣಕಾಲು ಹೋದರೆ ಈ ವರ್ಷದ ಸಂಬಳ ಹೋಗುತ್ತೆ, ಕಾಂಟ್ರಾಕ್ಟು ಹೋಗುತ್ತೆ. ಮಿದುಳಿನ ಬಿಲ್ಲು ಬರೋದು ನಲವತ್ತೈದಕ್ಕೆ, ಆಗ ಯಾವ ತಂಡದ ಹೆಸರೂ ಅದರ ಮೇಲಿರಲ್ಲ. ಇಂಥ ಲೆಕ್ಕಕ್ಕೆ ಒಬ್ಬನನ್ನು ತಂದು ನಿಲ್ಲಿಸಿ, ನೋಡ್ರಿ ಅವನೇ ಒಪ್ಪಿದಾನೆ ಅನ್ನೋದು ಯಾವ ನ್ಯಾಯ? ಟುವಾ ಟಗೊವೈಲೊವಾನನ್ನು ಕೇಳಿದ್ದರೂ ಆಡ್ತೀನಿ ಅಂತಲೇ ಅನ್ನುತ್ತಿದ್ದ. 2022ರ ಸೆಪ್ಟೆಂಬರ್ 25ರಂದು ತಲೆ ನೆಲಕ್ಕೆ ಬಡಿದು ಎದ್ದವನು ತೂರಾಡಿದ್ದನ್ನು ದೇಶವೇ ನೋಡಿತು. ಬೆನ್ನುನೋವು ಅಂದರು, ಅದೇ ಪಂದ್ಯದಲ್ಲಿ ಮತ್ತೆ ಇಳಿಸಿದರು. ನಾಲ್ಕೇ ದಿನಕ್ಕೆ, ಗುರುವಾರ ರಾತ್ರಿಯ ಪಂದ್ಯದಲ್ಲಿ ಮತ್ತೆ ಬಿದ್ದ. ಬೆರಳುಗಳು ಕೊಂಕಿ ಗಾಳಿಯಲ್ಲಿ ಸೆಟೆದು ನಿಂತವು. ಆಮೇಲೆ ನಿಯಮಕ್ಕೆ ಒಂದು ಸಾಲು ಸೇರಿತು: ತೂರಾಡಿದವನನ್ನು ಆವತ್ತು ಮತ್ತೆ ಇಳಿಸುವ ಹಾಗಿಲ್ಲ. ಇದನ್ನು ಬರೆಯೋಕೆ ಅವನ ಬೆರಳು ಸೆಟೆಯಬೇಕಾಯ್ತು.

ಅದಾದ ಹತ್ತು ದಿನಕ್ಕೇ ಜ್ಯಾರೆಟ್‌ನ ಮೇಲೆ ಆ ದಂಡ ಬಿದ್ದದ್ದು. ಆ ತೀರ್ಪು ಕೆಟ್ಟದ್ದೇ. ಆದರೆ ಕೆಟ್ಟ ತೀರ್ಪು ಬೇರೆ, ನಿಯಮ ಬೇರೆ. ಅಂಪೈರ್ ತಪ್ಪು ಎಲ್‌ಬಿಡಬ್ಲ್ಯೂ ಕೊಟ್ಟ ಅಂತ ಎಲ್‌ಬಿಡಬ್ಲ್ಯೂನೇ ತೆಗೀರಿ ಅಂತೀವಾ?

ಹಾಗಂತ ಲೀಗಿನ ಪರ ವಕಾಲತ್ತು ಮಾಡ್ತಿದೀನಿ ಅಂದುಕೋಬೇಡಿ. ಅವರ ಮೇಲೆ ನನಗೆ ಅಭಿಮಾನಿಗಳಿಗಿಂತ ಹೆಚ್ಚು ಸಿಟ್ಟಿದೆ, ಬೇರೆ ಕಾರಣಕ್ಕೆ. ಇವರ ನಿಯಮ ಯಾರನ್ನು ಕಾಯುತ್ತೆ ನೋಡಿ. 2008ರಲ್ಲಿ ಬ್ರೇಡಿಯ ಮೊಣಕಾಲು ಹೋಯ್ತು. ಮರುವರ್ಷ ನಿಯಮ ಬಿಗಿಯಾಯ್ತು. 2017ರಲ್ಲಿ ಆ್ಯರನ್ ರಾಜರ್ಸ್‌ನ ಕೊರಳಪಟ್ಟಿಯ ಮೂಳೆ ಮುರಿಯಿತು. ಮರುವರ್ಷ ಕ್ವಾರ್ಟರ್‌ಬ್ಯಾಕಿನ ಮೇಲೆ ಮೈಭಾರ ಹಾಕಿ ಬೀಳಬಾರದು ಅಂತ ಒತ್ತಿ ಹೇಳಿದರು. ಹೀರೋಗೆ ಗಾಯವಾದರೆ ಶೂಟಿಂಗ್ ನಿಲ್ಲುತ್ತೆ. ಸಾಹಸ ದೃಶ್ಯದಲ್ಲಿ ಬಿದ್ದವನ ಹೆಸರು ಯಾರಿಗೆ ಬೇಕು? ಸುರಕ್ಷತೆ ಸುರಕ್ಷತೆ ಅಂತ ಬಾಯಿತುಂಬ ಹೇಳುತ್ತಲೇ 2021ರಲ್ಲಿ ಹದಿನಾರು ಪಂದ್ಯದ ಋತುವನ್ನು ಹದಿನೇಳು ಮಾಡಿದರು, ಈಗ ಹದಿನೆಂಟರ ಮಾತಾಡುತ್ತಿದ್ದಾರೆ. ಭಾನುವಾರ ಜಜ್ಜಿಸಿಕೊಂಡವನನ್ನು ಗುರುವಾರ ಮತ್ತೆ ಇಳಿಸುತ್ತಾರೆ, ಆ ರಾತ್ರಿಯ ಪ್ರಸಾರಕ್ಕೆ ದುಡ್ಡು ಬರುತ್ತಲ್ಲ. ಹದಿನೇಳನೇ ಪಂದ್ಯ ಬಂದಾಗ, ಇದರಿಂದ ಆಟ ಕೆಟ್ಟಿತು ಅಂತ ಬೀದಿಗಿಳಿದ ಅಭಿಮಾನಿ ಯಾರಾದರೂ ಇದ್ದರೆ ತೋರಿಸಿ. ಇನ್ನೊಂದು ಪಂದ್ಯ ಸಿಕ್ಕಿತಲ್ಲ ಅಂತ ಖುಷಿಪಟ್ಟೆವು. ನಾನೂ.

2023ರಲ್ಲಿ ಬಾಸ್ಟನ್‌ನ ಸಂಶೋಧಕರು 631 ಆಟಗಾರರ ಮಿದುಳುಗಳನ್ನು ಇಟ್ಟುಕೊಂಡು ಇನ್ನೊಂದು ವಿಷಯ ಹೇಳಿದರು. ಸಿಟಿಇ ಬರುತ್ತಾ ಇಲ್ಲವಾ ಅನ್ನೋದು ಎಷ್ಟು ಸಲ ಕನ್‌ಕಶನ್ ಆಯ್ತು, ಅಂದರೆ ಎಷ್ಟು ಸಲ ಡಾಕ್ಟರು ತಲೆಪೆಟ್ಟು ಅಂತ ಬರೆದರು ಅನ್ನೋದರ ಮೇಲೆ ಹೋಗುವುದಿಲ್ಲ. ಎಷ್ಟು ವರ್ಷದಲ್ಲಿ ಒಟ್ಟು ಎಷ್ಟು ಏಟು, ಎಷ್ಟು ಬಲದ ಏಟು ಕೂಡಿಬಿತ್ತು ಅನ್ನೋದರ ಮೇಲೆ ಹೋಗುತ್ತೆ. ಕನ್‌ಕಶನ್ ಅನ್ನಿಸಿಕೊಳ್ಳದ, ಎದ್ದು ಮೈ ಕೊಡವಿಕೊಂಡು ಮತ್ತೆ ಸಾಲಿಗೆ ಬಂದು ನಿಲ್ಲುವ ಏಟುಗಳು. ಅಂದರೆ ಯಾರು? ಆ ಐದು ಜನ. ಎದುರಿಗೆ ಬಗ್ಗಿ ನಿಂತವರು. ವೆಬ್‌ಸ್ಟರ್.

ಹಾಗಿದ್ದರೆ ಇಷ್ಟು ವರ್ಷದಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದ ಬದಲಾವಣೆ ಯಾವುದಿದ್ದೀತು? ನನ್ನ ಕೇಳಿದರೆ 2011ರ ಒಪ್ಪಂದ. ಋತುವಿನ ನಡುವೆ ಪೂರ್ತಿ ಕವಚ ಹಾಕಿ ಢಿಕ್ಕಿ ಹೊಡೆಯುವ ಅಭ್ಯಾಸ ಹದಿನಾಲ್ಕೇ ದಿನ ಅಂತ ಅದರಲ್ಲಿ ಬರೆದರು. ಅಭ್ಯಾಸದಲ್ಲೇ ಸಾವಿರಾರು ಏಟು ಉಳಿಯಿತು. ಇದನ್ನು ಪಡೆದದ್ದು ಆಟಗಾರರ ಸಂಘ, ಚೌಕಾಸಿ ಮಾಡಿ. ನಾವು ಅಭಿಮಾನಿಗಳು ಒಂದು ಮಾತೂ ಆಡಲಿಲ್ಲ, ಯಾಕಂದರೆ ಅಭ್ಯಾಸ ಟಿವಿಯಲ್ಲಿ ಬರಲ್ಲ. ಆಮೇಲೆ 2022ರಿಂದ ತರಬೇತಿಯಲ್ಲಿ ಹೆಲ್ಮೆಟ್ಟಿನ ಮೇಲೆ ಮೆತ್ತನೆಯ ಗಾರ್ಡಿಯನ್ ಕ್ಯಾಪ್ ಹಾಕಿಸಿದರು, ಆಗಲೂ ಸುಮ್ಮನಿದ್ದೆವು. 2024ರಲ್ಲಿ ಪಂದ್ಯದಲ್ಲೂ ಬೇಕಾದವರು ಹಾಕಿಕೊಳ್ಳಬಹುದು ಅಂದ ಕೂಡಲೇ ಅಣಬೆ ತಲೆ ಅಂತ ಆಡಿಕೊಂಡು ನಗೋಕೆ ಶುರು. ಅವನ ಮಿದುಳಿಗಿಂತ ನಮಗೆ ಹೆಲ್ಮೆಟ್ಟಿನ ಮೇಲಿನ ಲಾಂಛನ ಮುಖ್ಯ.

ಲೈನ್‌ಮನ್‌ಗಳು ಕೈಯನ್ನು ನೆಲಕ್ಕೆ ಊರಿ, ತಲೆ ಮುಂದೆ ಮಾಡಿ ಬಗ್ಗಿ ನಿಲ್ಲೋದನ್ನು ಬಿಡಿಸಿ, ನೆಟ್ಟಗೆ ನಿಂತು ಕೈಯಿಂದ ತಡೆಯೋ ಹಾಗೆ ಮಾಡಿ ಅನ್ನುವ ಸಲಹೆ ಹಳೆಯದು. ನನಗೆ ಅದು ಬೇಕು. ಹದಿನಾರು ಪಂದ್ಯಕ್ಕೆ ವಾಪಸ್ ಹೋಗೋದು ಬೇಕು. ಗುರುವಾರದ ಪಂದ್ಯ ಬೇಡ. 2025ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದವರ ‘ಟಷ್ ಪುಷ್’ ತೆಗೆಯೋ ಪ್ರಸ್ತಾಪ ಬಂತಲ್ಲ, ಕ್ವಾರ್ಟರ್‌ಬ್ಯಾಕಿನ ಅಂಡಿಗೆ ಕೈ ಕೊಟ್ಟು ಗುಂಪಾಗಿ ತಳ್ಳೋದು. 32ರಲ್ಲಿ 24 ತಂಡ ಒಪ್ಪಬೇಕಿತ್ತು, 22 ಒಪ್ಪಿದವು, ಬಿದ್ದುಹೋಯ್ತು. ಫ್ಲೈಯಿಂಗ್ ವೆಜ್‌ನ ಮರಿಮಗ ಅದು. ಅದರಿಂದ ಗಾಯ ಹೆಚ್ಚಿದೆ ಅನ್ನೋದಕ್ಕೆ ಅಂಕಿಅಂಶ ಇಲ್ಲ ಅಂತ ಅದರ ಪರ ಇರುವವರು ಹೇಳುತ್ತಾರೆ. ಸರಿಯಾದ ಮಾತೇ. ಆದರೆ ವೆಬ್‌ಸ್ಟರ್ ಆಡುತ್ತಿದ್ದಾಗ ಸಿಟಿಇಗೂ ಅಂಕಿಅಂಶ ಇರಲಿಲ್ಲ.

ನಮ್ಮೂರ ಕಡೆ ಟಗರಿನ ಕಾಳಗ ನೋಡಿ ಬೆಳೆದವನು ನಾನು. ರಾಣೆಬೆನ್ನೂರಿನ ಹತ್ತಿರದ ಹಳ್ಳಿ. ನಮ್ಮ ದೊಡ್ಡಪ್ಪ ಒಂದು ಟಗರು ಸಾಕಿದ್ದ. ಕಣದಲ್ಲಿ ಡಿಚ್ಚಿಗೆ ಡಿಚ್ಚಿ ಬಿದ್ದಾಗ ಹೊರಡುವ ಶಬ್ದ ಇದೆಯಲ್ಲ, ಒಣ ತೆಂಗಿನಕಾಯಿ ಒಡೆದ ಹಾಗೆ, ಅದಕ್ಕೆ ಎದ್ದು ನಿಂತು ಕೇಕೆ ಹಾಕಿದ್ದೇನೆ. ಇಎಸ್‌ಪಿಎನ್‌ನಲ್ಲಿ 2000ರ ದಶಕದಲ್ಲಿ ‘ಜ್ಯಾಕ್ಡ್ ಅಪ್’ ಅಂತ ವಾರದ ಭಾರೀ ಏಟುಗಳನ್ನು ತೋರಿಸಿ ಕೇಕೆ ಹಾಕುತ್ತಿದ್ದರಂತೆ. ಹಳೆಯ ತುಣುಕು ನೋಡಿದಾಗ ನನಗೆ ನಮ್ಮೂರ ಕಣವೇ ಕಂಡಿತು. ಒಂದು ವ್ಯತ್ಯಾಸ: ನಮ್ಮಲ್ಲಿ ಟಗರಿನ ಹಲ್ಲು ನೋಡಿ ಜೋಡಿ ಹಾಕುತ್ತಾರೆ, ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದು, ನಾಲ್ಕಕ್ಕೆ ನಾಲ್ಕು. ದೊಡ್ಡಪ್ಪನ ಟಗರು ಕೊನೆಕೊನೆಗೆ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತಿರುತ್ತಿತ್ತು. ಮೇವು ಮುಂದಿದ್ದರೂ ತಿರುಗುತ್ತಿರಲಿಲ್ಲ. ವಯಸ್ಸಾಯ್ತು ಅಂದುಕೊಂಡಿದ್ದೆವು. ಮನುಷ್ಯರನ್ನು ಟಗರಿಗೆ ಹೋಲಿಸೋದು ತಪ್ಪು ಅಂತೀರಾ? ತಪ್ಪೇ. ಆಡಿಸುವವರಿಗೆ ಹೇಳಿ.

ಅಭಿಮಾನಿ ಕಲ್ಲುಹೃದಯದವನು ಅಂತಲೂ ನಾನು ಹೇಳಲಾರೆ. 2023ರ ಜನವರಿ 2ರ ರಾತ್ರಿ ಡಮಾರ್ ಹ್ಯಾಮ್ಲಿನ್ ಒಂದು ಮಾಮೂಲಿ ಟ್ಯಾಕಲ್ ಮಾಡಿ ಎದ್ದು ನಿಂತು, ಹಾಗೇ ಹಿಂದಕ್ಕೆ ಬಿದ್ದ. ಎದೆಗೆ ಬಿದ್ದ ಏಟಿಗೆ ಹೃದಯ ನಿಂತಿತ್ತು. ಪಿಟ್ಸ್‌ಬರ್ಗ್ ಪಕ್ಕದ ಮೆಕೀಸ್ ರಾಕ್ಸ್‌ನ ಹುಡುಗ ಅವನು. ನಮ್ಮ ಬಾರಿನಲ್ಲಿ ಅವತ್ತು ಸ್ಮಶಾನ ಮೌನ. ಆ 52ರ ಅಜ್ಜ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ, ಕಣ್ಣಲ್ಲಿ ನೀರು. ಆಟ ನಿಲ್ಲಿಸಿದರು, ಯಾರೂ ಗೊಣಗಲಿಲ್ಲ. ಹ್ಯಾಮ್ಲಿನ್ ಬಡ ಮಕ್ಕಳಿಗೆ ಆಟಿಕೆ ಕೊಡಿಸಲು 2,500 ಡಾಲರ್ ಕೂಡಿಸೋಕೆ ಶುರುಮಾಡಿದ್ದ ನಿಧಿಗೆ ಕೆಲವೇ ದಿನದಲ್ಲಿ ಎಂಬತ್ತು ಲಕ್ಷ ಡಾಲರಿಗೂ ಹೆಚ್ಚು ಬಂತು. ಕೊಟ್ಟವರು ಇದೇ ಅಭಿಮಾನಿಗಳು. ಹುಡುಗ ಬದುಕಿದ, ಮತ್ತೆ ಆಡಿದ, ಒಳ್ಳೇದಾಯ್ತು. ಕಣ್ಣೆದುರು ಬಿದ್ದವನಿಗೆ ಕರಗುವ ಜನ ನಾವು. ಇಪ್ಪತ್ತು ವರ್ಷ ಹಿಡಿದು ನಿಧಾನವಾಗಿ ಬೀಳುವವನು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಅಲ್ಲಿಯ ಭಾನುವಾರ ರಾತ್ರಿ ಅಂದರೆ ಇಲ್ಲಿ ಸೋಮವಾರ ಬೆಳಗಿನ ಜಾವ. ಆಫೀಸಿಗೆ ಹೋಗುವ ಮುಂಚೆ ಕಾಫಿ ಹಿಡಿದುಕೊಂಡು ನೋಡುವ ಚಟ ಬಿಟ್ಟಿಲ್ಲ. ಹೋದ ತಿಂಗಳು ಒಂದು ಸೋಮವಾರ ಚೆಂಡನ್ನು ನೋಡಬಾರದು, ಸೆಂಟರ್‌ನನ್ನೇ ನೋಡಬೇಕು, ಅವನ ತಲೆಗೆ ಬೀಳುವ ಏಟು ಎಣಿಸಬೇಕು ಅಂತ ಹಟ ಹಿಡಿದು ಕೂತೆ. ಕಷ್ಟ ಮಾರಾಯ್ರೆ. ಕ್ಯಾಮೆರಾ ಅವನ ಮೇಲೆ ಒಂದು ಸೆಕೆಂಡು ನಿಲ್ಲಲ್ಲ. ಆದರೂ ಎಣಿಸುತ್ತಾ ಹೋದೆ. ಇಪ್ಪತ್ತು, ಮೂವತ್ತು. ಮೂವತ್ನಾಲ್ಕನೆಯದಕ್ಕೆ ಕ್ವಾರ್ಟರ್‌ಬ್ಯಾಕ್ ಉದ್ದಕ್ಕೆ ಎಸೆದ, ಹಿಡಿಯುವವನು ಮೂಲೆಯಲ್ಲಿ ಗಾಳಿಗೆ ಹಾರಿ ಬೆರಳ ತುದಿಯಲ್ಲಿ ಹಿಡಿದ. ನಾನು ಎದ್ದು ನಿಂತು ಕೂಗಿದೆ. ಹೆಂಡತಿ ಒಳಗಿಂದ ಬಂದು ಏನಾಯ್ತ್ರೀ ಅಂದಳು. ಮತ್ತೆ ಕೂತಾಗ ಲೆಕ್ಕ ತಪ್ಪಿಹೋಗಿತ್ತು.